ಹಳೇ ಬೈಕ್‌ಗೆ ಮನೇಲೇ ಹಾಕಿದ ಫ್ಯುಯೆಲ್ ಇಂಜೆಕ್ಷನ್: ಟ್ಯೂನಿಂಗ್ ಎಲ್ಲಿಂದ ಶುರು ಮಾಡ್ಬೇಕು

ಕಾರ್ಬ್ಯುರೇಟರ್ ಬಿಚ್ಚಿ ಪಕ್ಕಕ್ಕಿಟ್ಟು, ಥ್ರಾಟಲ್ ಬಾಡಿ ಕೂರಿಸಿ, ಪಂಪ್ ಹಾಕಿ, ವೈರಿಂಗ್ ಎಲ್ಲ ಎಳೆದು, ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ಹೇಗೋ ಹೊತ್ಕೊಳ್ಳತ್ತೆ, ಆ ಖುಷಿ ಹೇಳೋಕಾಗಲ್ಲ. ಆದ್ರೆ ಅಸಲಿ ಕೆಲಸ ಶುರುವಾಗೋದೇ ಅಲ್ಲಿಂದ. ತುಂಬ ಜನ ಆ ಖುಷಿಲೇ ನೇರ ಹೋಗಿ ವಿಇ ಟೇಬಲ್‌ಗೆ (ಯಾವ ಆರ್‌ಪಿಎಂ, ಯಾವ ಲೋಡ್‌ನಲ್ಲಿ ಇಂಜಿನ್ ಎಷ್ಟು ಗಾಳಿ ತುಂಬ್ಕೊಳ್ಳತ್ತೆ ಅನ್ನೋ ಪಟ್ಟಿ, ಪೆಟ್ರೋಲ್ ಲೆಕ್ಕ ಇದರಿಂದಲೇ) ಕೈ ಹಾಕ್ತಾರೆ, ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕೆಡತ್ತೆ, ಎರಡು ತಿಂಗಳಾದ್ಮೇಲೆ ಬೇಜಾರಾಗಿ ಕಾರ್ಬ್ಯುರೇಟರ್ ವಾಪಸ್ ಹಾಕ್ತಾರೆ. ನಾನು ಹೇಳ್ಬೇಕು ಅಂತಿರೋದು ಒಂದೇ ವಿಷಯ, ಟೇಬಲ್ ಮುಟ್ಟೋಕೆ ಮುಂಚೆ ಇಸಿಯು (ಇಂಜೆಕ್ಷನ್ ನಡೆಸೋ ಪುಟ್ಟ ಕಂಪ್ಯೂಟರ್) ನೋಡ್ತಿರೋ ನಂಬರ್‌ಗಳು ನಿಜಾನಾ ಅಂತ ಒಂದೊಂದಾಗಿ ಪರೀಕ್ಷೆ ಮಾಡಿ. ಸೆನ್ಸರ್ ಸುಳ್ಳು ಹೇಳ್ತಿದ್ರೆ ನೀವು ಎಷ್ಟೇ ಟ್ಯೂನ್ ಮಾಡಿದ್ರೂ ಆ ಸುಳ್ಳನ್ನೇ ಟ್ಯೂನ್ ಮಾಡ್ತಿರ್ತೀರ.

ನನ್ನದು ಹಳೇ 350 ಸಿಸಿ ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್. ಇಸಿಯು ಸ್ಪೀಡುಯಿನೊ, ಅಂದ್ರೆ ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ಓಡೋ ಓಪನ್ ಸೋರ್ಸ್ ಇಸಿಯು, ಟ್ಯೂನಿಂಗ್‌ಗೆ ಟ್ಯೂನರ್‌ಸ್ಟುಡಿಯೊ ಸಾಫ್ಟ್‌ವೇರ್. ನಿಮ್ಮದು ಮೆಗಾಸ್ಕ್ವರ್ಟ್ ಆಗಿರ್ಲಿ, ಬೇರೆ ಯಾವುದೇ ಆಗಿರ್ಲಿ, ಮೆನು ಹೆಸರು ಬದಲಾಗತ್ತೆ ಅಷ್ಟೇ, ಕೆಲಸದ ಕ್ರಮ ಇದೇ.

ಮೊದಲು ಪೆಟ್ರೋಲ್ ಲೈನ್

ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರ್ತಿದ್ದಿದ್ದು ಟ್ಯಾಂಕ್‌ನಿಂದ ತಾನಾಗೇ ಇಳಿದು, ಪ್ರೆಶರ್ ಅನ್ನೋದೇ ಇರ್ಲಿಲ್ಲ. ಈಗ ಅದೇ ಟ್ಯಾಂಕ್ ಕೆಳಗೆ, ಬಿಸಿ ಸಿಲಿಂಡರ್ ಹೆಡ್ ಪಕ್ಕದಲ್ಲೇ, 3 ಬಾರ್ ಪ್ರೆಶರ್‌ನಲ್ಲಿ ಪೆಟ್ರೋಲ್ ಓಡ್ತಿದೆ. ಹಳೇ ಕಾರ್ಬ್ಯುರೇಟರ್ ಪೈಪ್ ಅದಕ್ಕೆ ಆಗೋದೇ ಇಲ್ಲ, ಇವತ್ತು ತಡೆದ್ರೂ ನಾಳೆ ಒಡೆಯತ್ತೆ. ಇಂಜೆಕ್ಷನ್‌ಗೆ ಅಂತಲೇ ಬರೋ ಹೋಸ್ ತಗೊಳ್ಳಿ, ಅದರ ಮೇಲೆ ಎಸ್‌ಎಇ ಜೆ30ಆರ್9 ಅಂತ ಪ್ರಿಂಟ್ ಆಗಿರತ್ತೆ. ಕ್ಲ್ಯಾಂಪ್ ಕೂಡ ಪಟ್ಟೀಲಿ ತೂತಿಲ್ಲದ, ಪೂರ್ತಿ ಸುತ್ತು ಸಮನಾಗಿ ಹಿಡಿಯೋ ಇಂಜೆಕ್ಷನ್ ಕ್ಲ್ಯಾಂಪೇ ಆಗ್ಬೇಕು, ಹಲ್ಲು ಹಲ್ಲಿನ ಮಾಮೂಲಿ ಕ್ಲ್ಯಾಂಪ್ ರಬ್ಬರನ್ನ ಕೊಯ್ದುಬಿಡತ್ತೆ. ಪಂಪ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೇ, ಹತ್ತು ನಿಮಿಷ ಬಿಟ್ಟು ಪ್ರತಿ ಜಾಯಿಂಟ್‌ನ ಒಣ ಟಿಶ್ಯೂ ಪೇಪರ್‌ನಲ್ಲಿ ಒರೆಸಿ ನೋಡಿ, ಒದ್ದೆ ಆದ್ರೆ ಅಲ್ಲಿಗೇ ನಿಲ್ಲಿಸಿ. ಇಂಜಿನ್ ನಿಂತ ಒಂದೆರಡು ಸೆಕೆಂಡ್‌ನಲ್ಲಿ ಇಸಿಯು ಪಂಪ್ ರಿಲೇನ ಕಟ್ ಮಾಡ್ಲೇಬೇಕು, ಬೈಕ್ ಬಿದ್ದಾಗ ಕಟ್ ಆಗೋ ಟಿಪ್‌ಓವರ್ ಸ್ವಿಚ್ ಇದ್ರೆ ಇನ್ನೂ ಒಳ್ಳೇದು. ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗೋ ಹಾಗೆ ಇಟ್ಕೊಂಡೇ ಕೆಲಸ ಮಾಡಿ, ಇದೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ಗೇಜ್ ಹಾಕಿ ಪ್ರೆಶರ್ ಅಳೀರಿ. 3 ಬಾರ್ ಅಂತ ಸೆಟ್ಟಿಂಗ್ ಕೊಟ್ಟು ನಿಜವಾಗಿ 2.5 ಬಾರ್ ಇದ್ರೆ ಇಂಜೆಕ್ಟರ್ ಸುಮಾರು 9% ಕಮ್ಮಿ ಪೆಟ್ರೋಲ್ ಕೊಡತ್ತೆ, ಯಾಕಂದ್ರೆ ಫ್ಲೋ ಪ್ರೆಶರ್‌ನ ವರ್ಗಮೂಲದ ಲೆಕ್ಕದಲ್ಲಿ ಬದಲಾಗತ್ತೆ. ಪ್ರೆಶರ್ ಎಷ್ಟಿದೆ ಅನ್ನೋದಕ್ಕಿಂತ ಅದು ಅಲ್ಲಾಡದೆ ನಿಲ್ಲತ್ತಾ ಅನ್ನೋದು ಮುಖ್ಯ.

ಕರೆಂಟ್ ಮತ್ತು ಅರ್ತ್

ಹಳೇ ಬೈಕ್‌ಗಳ ಸ್ಟೇಟರ್ ಮಾಡಿರೋದು ಒಂದು ಬಲ್ಬ್, ಒಂದು ಹಾರ್ನ್‌ಗೋಸ್ಕರ. ಈಗ ಪಂಪ್ ಒಂದೇ 3ರಿಂದ 5 ಆಂಪ್ ಎಳೆಯತ್ತೆ, ಅದರ ಮೇಲೆ ಇಂಜೆಕ್ಟರ್, ಇಸಿಯು, ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಮಿಶ್ರಣ ಅಳೆಯೋದು) ಹೀಟರ್. ಹೆಡ್‌ಲೈಟ್ ನೇರ ಎಸಿಲಿ ಓಡ್ತಿದ್ರೆ ಸ್ಟೇಟರ್‌ನ ಪೂರ್ತಿ ಔಟ್‌ಪುಟ್ ಬ್ಯಾಟರಿಗೆ ಬರೋ ಹಾಗೆ ಫುಲ್‌ವೇವ್ ರೆಕ್ಟಿಫೈಯರ್‌ಗೆ ಬದಲಾಯಿಸ್ಕೊಳ್ಳಿ, ಬಲ್ಬ್ ಎಲ್‌ಇಡಿ ಮಾಡಿದ್ರೆ ಒಂದಷ್ಟು ವ್ಯಾಟ್ ಉಳಿಯತ್ತೆ. ಇಂಜಿನ್ ಸ್ವಲ್ಪ ರೈಸ್ ಆದಾಗ ಬ್ಯಾಟರಿ ಟರ್ಮಿನಲ್‌ನಲ್ಲಿ 13.8ರಿಂದ 14.4 ವೋಲ್ಟ್ ಇರ್ಬೇಕು. ಅರ್ತ್ ವೈರ್‌ಗಳನ್ನ ಅಲ್ಲೊಂದು ಇಲ್ಲೊಂದು ಚಾಸಿಗೆ ಹಾಕ್ಬೇಡಿ, ಸೆನ್ಸರ್ ಅರ್ತ್ ಎಲ್ಲ ಇಸಿಯುಗೇ ವಾಪಸ್ ಹೋಗ್ಲಿ, ಇಸಿಯು ಅರ್ತ್ ನೇರ ಇಂಜಿನ್ ಕೇಸಿಂಗ್ ಅಥವಾ ಬ್ಯಾಟರಿ ನೆಗೆಟಿವ್‌ಗೆ ಹೋಗ್ಲಿ.

ಇಲ್ಲಿ ನನ್ನ ಕಥೆ ಹೇಳ್ಬೇಕು. ಮೂರು ವಾರ ನನ್ನ ಬೈಕ್ 4000 ಆರ್‌ಪಿಎಂ ಹತ್ರ ಬಂದ ತಕ್ಷಣ ಟಕ್ ಅಂತ ಕಟ್ ಆಗ್ತಿತ್ತು. ವೈಡ್‌ಬ್ಯಾಂಡ್ ಮೀಟರ್‌ನಲ್ಲಿ ಲೀನ್ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ) ತೋರಿಸ್ತಿತ್ತು, ನಾನು ಆ ಜಾಗದಲ್ಲಿ ಪೆಟ್ರೋಲ್ ಜಾಸ್ತಿ ಮಾಡ್ತಾ ಹೋದೆ, ಅದಕ್ಕೆ ಇನ್ನೂ ಕೆಟ್ಟದಾಗಿ ಓಡ್ತು, ಪ್ಲಗ್ ಕಪ್ಪಗೆ ಮಸಿ ಹಿಡೀತು, ಆದ್ರೂ ಮೀಟರ್ ಮಾತ್ರ ಲೀನ್ ಅಂತಲೇ ಹೇಳ್ತಿತ್ತು. ಒಂದಿನ ರಾತ್ರಿ ಕೂತು ಲಾಗ್ ಫೈಲ್ ನಿಧಾನಕ್ಕೆ ನೋಡಿದಾಗ ಗೊತ್ತಾಯ್ತು, ಕಟ್ ಆಗೋ ಪ್ರತಿ ಸಲ ಸಿಂಕ್ ಲಾಸ್ ಕೌಂಟರ್ ಒಂದೊಂದು ನಂಬರ್ ಮೇಲೆ ಹೋಗ್ತಿದೆ. ಪ್ಲಗ್ ಕ್ಯಾಪ್ ರೆಸಿಸ್ಟರ್ ಇಲ್ಲದ ಹಳೇ ಮಾಡೆಲ್, ಸ್ಪಾರ್ಕ್ ಆದಾಗ ಬರೋ ನಾಯ್ಸ್ ಪಕ್ಕದಲ್ಲೇ ಹಾದುಹೋಗಿದ್ದ ಕ್ರ್ಯಾಂಕ್ ಸೆನ್ಸರ್ ವೈರ್‌ಗೆ ನುಗ್ತಿತ್ತು, ಇಸಿಯುಗೆ ಕ್ರ್ಯಾಂಕ್ ಎಲ್ಲಿದೆ ಅಂತ ತಪ್ಪಿಹೋಗಿ ಸ್ಪಾರ್ಕೇ ಬಿಟ್ಟುಬಿಡ್ತಿತ್ತು. 5 ಕಿಲೋಓಮ್ ರೆಸಿಸ್ಟರ್ ಕ್ಯಾಪ್, ರೆಸಿಸ್ಟರ್ ಪ್ಲಗ್, ಸೆನ್ಸರ್‌ಗೆ ಶೀಲ್ಡೆಡ್ ವೈರ್ ಹಾಕಿದೆ, ಅಲ್ಲಿಗೆ ಮುಗೀತು. ಮೂರು ವಾರ ಟೇಬಲ್‌ನಲ್ಲಿ ಹಾಕಿದ್ದ ಎಲ್ಲ ನಂಬರ್ ಅಳಿಸಿ ಮತ್ತೆ ಮೊದಲಿಂದ ಮಾಡ್ಬೇಕಾಯ್ತು.

ಮಿಸ್‌ಫೈರ್ ಆದಾಗ ಮೀಟರ್ ಯಾಕೆ ಲೀನ್ ತೋರಿಸತ್ತೆ ಅಂದ್ರೆ, ಆ ಸೆನ್ಸರ್ ಅಳೆಯೋದು ಮುಖ್ಯವಾಗಿ ಆಕ್ಸಿಜನ್‌ನ, ಪೆಟ್ರೋಲ್‌ನ ಅಲ್ಲ. ಸ್ಪಾರ್ಕ್ ಬೀಳ್ಲಿಲ್ಲ ಅಂದ್ರೆ ಸಿಲಿಂಡರ್‌ನಲ್ಲಿದ್ದ ಆಕ್ಸಿಜನ್ ಉರಿಯದೇ ಹಾಗೇ ಸೈಲೆನ್ಸರ್‌ಗೆ ಬರತ್ತೆ, ಸೆನ್ಸರ್ ಅದನ್ನ ನೋಡಿ ಲೀನ್ ಅನ್ನತ್ತೆ. ಬೆಂಡ್ ಪೈಪ್ ಗ್ಯಾಸ್ಕೆಟ್ ಲೀಕ್ ಇದ್ರೂ ಇದೇ ಕಥೆ, ಹೊರಗಿನ ಗಾಳಿ ಒಳಗೆ ಎಳ್ಕೊಂಡು ಲೀನ್ ತೋರಿಸತ್ತೆ. ಹಾಗಾಗಿ ಲೀನ್ ಕಂಡ ಕೂಡಲೇ ಪೆಟ್ರೋಲ್ ಸುರಿಯೋದಲ್ಲ, ಮೊದಲು ಮಿಸ್‌ಫೈರ್, ಆಮೇಲೆ ಲೀಕ್, ಆಮೇಲೆ ಪೆಟ್ರೋಲ್.

ಸೆನ್ಸರ್‌ಗಳನ್ನ ಒಂದೊಂದಾಗಿ

ಟೆಂಪರೇಚರ್ ಸೆನ್ಸರ್‌ಗೆ ಮೂರು ಪಾಯಿಂಟ್ ಸಾಕು: ಐಸ್ ಹಾಕಿದ ನೀರು, ರೂಮ್ ಟೆಂಪರೇಚರ್ ನೀರು, ಕುದಿಯೋ ನೀರು. ಮೂರರಲ್ಲೂ ಮುಳುಗಿಸಿ ರೆಸಿಸ್ಟೆನ್ಸ್ ಬರ್ಕೊಂಡು ಸಾಫ್ಟ್‌ವೇರ್‌ಗೆ ಕೊಟ್ರೆ ಉಳಿದ ಕರ್ವ್ ಅದೇ ಹಾಕ್ಕೊಳ್ಳತ್ತೆ. ಬೈಕ್ ರಾತ್ರಿಯೆಲ್ಲ ನಿಂತಿದ್ದಾಗ ಬೆಳಿಗ್ಗೆ ಗಾಳಿ ಸೆನ್ಸರ್, ಹೆಡ್ ಸೆನ್ಸರ್ ಎರಡೂ ಒಂದೇ ಟೆಂಪರೇಚರ್ ತೋರಿಸ್ಬೇಕು, ಇದು ದಿನಾ ಪುಕ್ಕಟೆ ಸಿಗೋ ಪರೀಕ್ಷೆ. ಟಿಪಿಎಸ್‌ನ (ಥ್ರಾಟಲ್ ಎಷ್ಟು ತೆಗೆದಿದೆ ಅಂತ ಹೇಳೋ ಸೆನ್ಸರ್) ಪೂರ್ತಿ ಮುಚ್ಚಿ 0, ಪೂರ್ತಿ ತೆಗೆದು 100 ಅಂತ ಕ್ಯಾಲಿಬ್ರೇಟ್ ಮಾಡಿ. ಐಡಲ್ ಸ್ಕ್ರೂ ತಿರುಗಿಸಿದ ಪ್ರತಿ ಸಲ ಮತ್ತೆ ನೋಡ್ಬೇಕು, ಮರೀಬೇಡಿ.

ಟೈಮಿಂಗ್ ಲೈಟ್ ಇಲ್ಲದೇ ಮುಂದೆ ಹೋಗ್ಲೇಬೇಡಿ. ಸಾಫ್ಟ್‌ವೇರ್‌ನಲ್ಲಿ ಸ್ಪಾರ್ಕ್ ಟೈಮಿಂಗ್‌ನ 10 ಡಿಗ್ರಿಗೆ ಲಾಕ್ ಮಾಡಿ, ಲೈಟ್ ಬಿಟ್ಟು ಮ್ಯಾಗ್ನೆಟ್ ಮೇಲಿನ ಮಾರ್ಕ್ ನಿಜವಾಗ್ಲೂ 10 ಡಿಗ್ರಿಲೇ ಇದೆಯಾ ನೋಡಿ, ಇಲ್ಲಾಂದ್ರೆ ಟ್ರಿಗರ್ ಆಂಗಲ್ ಸರಿ ಮಾಡಿ. ಆಮೇಲೆ ರೈಸ್ ಮಾಡಿ, 4000ದಲ್ಲೂ ಮಾರ್ಕ್ ಅಲ್ಲೇ ನಿಲ್ಬೇಕು. ರೈಸ್ ಮಾಡಿದ ಹಾಗೆ ಮಾರ್ಕ್ ಜರುಗ್ತಾ ಹೋದ್ರೆ ವಿಆರ್ ಸೆನ್ಸರ್‌ನ (ಮ್ಯಾಗ್ನೆಟಿಕ್ ಕ್ರ್ಯಾಂಕ್ ಸೆನ್ಸರ್) ಎರಡು ವೈರ್ ಉಲ್ಟಾ ಆಗಿರೋ ಚಾನ್ಸ್ ಇದೆ, ಅದಲು ಬದಲು ಮಾಡಿ ನೋಡಿ.

ಸಿಂಗಲ್ ಸಿಲಿಂಡರ್‌ನಲ್ಲಿ ದೊಡ್ಡ ತಲೆನೋವು ಮ್ಯಾಪ್ ಸೆನ್ಸರ್, ಅಂದ್ರೆ ಇಂಜಿನ್ ಗಾಳಿ ಎಳೆಯೋ ದಾರಿಯಲ್ಲಿನ ಪ್ರೆಶರ್ ಅಳೆಯೋದು. ನಾಲ್ಕು ಸಿಲಿಂಡರ್ ಕಾರ್‌ನಲ್ಲಿ ಒಂದಾದ ಮೇಲೊಂದು ಸಿಲಿಂಡರ್ ಎಳೀತಾ ಇರತ್ತೆ, ವ್ಯಾಕ್ಯೂಮ್ ಸಮ ಇರತ್ತೆ. ಸಿಂಗಲ್‌ನಲ್ಲಿ ಎರಡು ಸುತ್ತಿಗೆ ಒಂದೇ ಸಲ ಎಳೆಯೋದು, ಎಳೆದಾಗ ಜೋರಾಗಿ ಕೆಳಗೆ ಹೋಗತ್ತೆ, ಮಿಕ್ಕ ಹೊತ್ತು ಹೊರಗಿನ ಗಾಳಿ ಪ್ರೆಶರ್‌ಗೆ ಹತ್ರ ಬಂದು ನಿಲ್ಲತ್ತೆ. ಸರಾಸರಿ ತಗೊಂಡ್ರೆ ಆ ನಂಬರ್‌ಗೂ ಇಂಜಿನ್ ಲೋಡ್‌ಗೂ ಸಂಬಂಧಾನೇ ಸರಿಯಾಗಿ ಸಿಗಲ್ಲ. ಸ್ಪೀಡುಯಿನೊದಲ್ಲಿ ಸೈಕಲ್ ಮಿನಿಮಮ್ ಅಂತ ಆಪ್ಷನ್ ಇದೆ, ಪ್ರತಿ ಸೈಕಲ್‌ನಲ್ಲಿ ಅತಿ ಕೆಳಗೆ ಹೋದ ಪಾಯಿಂಟ್ ಮಾತ್ರ ತಗೊಳ್ಳತ್ತೆ, ಸಿಂಗಲ್‌ಗೆ ಅದು ಹಾಕಿ. ಪೈಪ್ ಚಿಕ್ಕದಾಗಿ, ಗಟ್ಟಿಯಾಗಿ ಇರ್ಲಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆಲ್ಫಾ ಎನ್, ಅಂದ್ರೆ ಆರ್‌ಪಿಎಂ ಮತ್ತು ಥ್ರಾಟಲ್ ಎಷ್ಟು ತೆಗೆದಿದೆ ಅನ್ನೋದರ ಮೇಲೇ ಪೆಟ್ರೋಲ್ ಲೆಕ್ಕ. ನಾನು ಕೊನೆಗೆ ಅದಕ್ಕೇ ಬಂದೆ, ನನ್ನ ಇಂಜಿನ್‌ಗೆ ಅದೇ ಚೆನ್ನಾಗಿ ಕೂತಿದೆ. ಆಲ್ಫಾ ಎನ್ ಮಾಡೋದಾದ್ರೆ ಥ್ರಾಟಲ್ ಪಾಯಿಂಟ್‌ಗಳನ್ನ ಸಮ ಸಮ ಹಂಚ್ಬೇಡಿ, ಮೊದಲ 15%ರಲ್ಲೇ ಗಾಳಿ ತುಂಬ ಬದಲಾಗತ್ತೆ, ಅದಕ್ಕೆ 0, 2, 4, 7, 10, 15, 22, 30 ಅಂತ ಕೆಳಗಡೆ ಒತ್ತೊತ್ತಾಗಿ ಇಟ್ಟು ಮೇಲಕ್ಕೆ ಹೋದ ಹಾಗೆ ದೂರ ಬಿಡಿ. ಎತ್ತರದ ಜಾಗಕ್ಕೆ ಹೋಗೋರು ಹೊರಗಿನ ಗಾಳಿ ಪ್ರೆಶರ್ ಅಳೆಯೋಕೆ ಇನ್ನೊಂದು ಸೆನ್ಸರ್ ಇಟ್ಟು ಬ್ಯಾರೊ ಕರೆಕ್ಷನ್ ಆನ್ ಮಾಡ್ಬೇಕು, ಆಲ್ಫಾ ಎನ್‌ಗೆ ಗಾಳಿ ತೆಳ್ಳಗಾಗಿದ್ದು ತಾನಾಗೇ ಗೊತ್ತಾಗಲ್ಲ.

ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೇ ಈ ಕೆಲಸ ಆಗಲ್ಲ. ನ್ಯಾರೋಬ್ಯಾಂಡ್ ಹೇಳೋದು ರಿಚ್ಚೋ (ಪೆಟ್ರೋಲ್ ಜಾಸ್ತಿ) ಲೀನೋ ಅಷ್ಟೇ, ಎಷ್ಟು ಅಂತ ಹೇಳಲ್ಲ. ಬಾಷ್ ಎಲ್‌ಎಸ್‌ಯು 4.9 ತರದ ಸೆನ್ಸರ್‌ನ ಬೆಂಡ್ ಪೈಪ್‌ನಲ್ಲಿ ಹೆಡ್‌ಗೆ ಅಂಟಿಸದೇ, ಸೈಲೆನ್ಸರ್ ಬಾಯಿಗೂ ಹತ್ರ ಇರದೇ, ಮಧ್ಯದಲ್ಲಿ ಹಾಕಿ. ತುದಿ ಹತ್ರ ಹಾಕಿದ್ರೆ ಐಡಲ್‌ನಲ್ಲಿ ಹೊರಗಿನ ಗಾಳಿ ವಾಪಸ್ ಬಂದು ಸುಳ್ಳು ರೀಡಿಂಗ್ ಕೊಡತ್ತೆ. ಸೆನ್ಸರ್ ತಲೆ ಕೆಳಗೆ ಮಾಡಿ ಹಾಕ್ಬೇಡಿ, ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿರ್ಲಿ, ನೀರು ನಿಂತ್ರೆ ಒಳಗಿನ ಸೆರಾಮಿಕ್ ಸೀಳತ್ತೆ. ಕರೆಂಟ್ ಕೊಡದೇ ಸುಮ್ನೆ ಪೈಪ್‌ನಲ್ಲಿ ಇಟ್ಟು ಬೈಕ್ ಓಡಿಸಿದ್ರೂ ಹಾಳಾಗತ್ತೆ.

ಲೆಕ್ಕ

ರಿಕ್ವೈರ್ಡ್ ಫ್ಯುಯೆಲ್ ಅನ್ನೋ ಒಂದು ನಂಬರ್ ಇರತ್ತೆ, ಸಾಫ್ಟ್‌ವೇರೇ ಲೆಕ್ಕ ಹಾಕತ್ತೆ ಆದ್ರೆ ಒಂದ್ಸಲ ಕೈಯಲ್ಲಿ ಹಾಕಿ ನೋಡಿದ್ರೆ ಎಲ್ಲ ಅರ್ಥ ಆಗತ್ತೆ. 350 ಸಿಸಿ ಸಿಲಿಂಡರ್ ಪೂರ್ತಿ ತುಂಬಿದ್ರೆ ಗಾಳಿ ಸುಮಾರು 0.42 ಗ್ರಾಂ. 14.7ರಿಂದ (ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಇಷ್ಟು ಗ್ರಾಂ ಗಾಳಿ ಬೇಕು) ಭಾಗಿಸಿದ್ರೆ ಪೆಟ್ರೋಲ್ 0.0286 ಗ್ರಾಂ, ಅಂದ್ರೆ 0.039 ಸಿಸಿ ಹತ್ರ. ಇಂಜೆಕ್ಟರ್ ನಿಮಿಷಕ್ಕೆ 200 ಸಿಸಿ ಕೊಡೋದಾದ್ರೆ ಅಷ್ಟು ಪೆಟ್ರೋಲ್ ಬಿಡೋಕೆ 11.6 ಮಿಲಿಸೆಕೆಂಡ್ ಬೇಕು. 6000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಸೈಕಲ್‌ಗೆ ಸಿಗೋದು 20 ಮಿಲಿಸೆಕೆಂಡ್, ಹಾಗಾಗಿ ಇಂಜೆಕ್ಟರ್ ಸಾಕು, ಫುಲ್ ಥ್ರಾಟಲ್‌ನಲ್ಲಿ ರಿಚ್ ಮಾಡೋಕೂ ಜಾಗ ಇದೆ. ಡ್ಯೂಟಿ, ಅಂದ್ರೆ ಸೈಕಲ್‌ನ ಹೊತ್ತಲ್ಲಿ ಇಂಜೆಕ್ಟರ್ ತೆರೆದಿರೋ ಪಾಲು, 80–85% ದಾಟೋ ಇಂಜೆಕ್ಟರ್ ತಗೋಬೇಡಿ, ಹಾಗಂತ ಕಾರ್‌ದು ದೊಡ್ಡದು ಹಾಕಿದ್ರೆ ಐಡಲ್‌ನಲ್ಲಿ 1.5 ಮಿಲಿಸೆಕೆಂಡ್‌ಗಿಂತ ಕಮ್ಮಿ ಬಂದು ಕಂಟ್ರೋಲೇ ಸಿಗಲ್ಲ.

ಇನ್ನೊಂದು ಡೆಡ್ ಟೈಮ್. ಕರೆಂಟ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯಲ್ಲ, ಸುಮಾರು 1 ಮಿಲಿಸೆಕೆಂಡ್ ತಗೊಳ್ಳತ್ತೆ, ವೋಲ್ಟೇಜ್ ಕಮ್ಮಿಯಾದ್ರೆ ಇನ್ನೂ ಜಾಸ್ತಿ. ಐಡಲ್‌ನಲ್ಲಿ ಒಟ್ಟು ಪಲ್ಸೇ 3 ಮಿಲಿಸೆಕೆಂಡ್ ಇರೋವಾಗ ಅದರಲ್ಲಿ ಮೂರನೇ ಒಂದು ಭಾಗ ಬರೀ ತೆರೆಯೋಕೇ ಹೋಗತ್ತೆ. ಇದನ್ನ ಪರೀಕ್ಷೆ ಮಾಡೋಕೆ ಸುಲಭ ದಾರಿ ಇದೆ: ಬಿಸಿ ಇಂಜಿನ್ ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್, ಬ್ರೇಕ್ ಲೈಟ್ ಎಲ್ಲ ಆನ್ ಮಾಡಿ ವೋಲ್ಟೇಜ್ ಇಳಿಸಿ, ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ನೋಡಿ. ವೋಲ್ಟೇಜ್ ಇಳಿದಾಗ ಲೀನ್ ಕಡೆ ಹೋದ್ರೆ ಕಡಿಮೆ ವೋಲ್ಟೇಜ್‌ನ ಡೆಡ್ ಟೈಮ್ ಜಾಸ್ತಿ ಮಾಡಿ, ರಿಚ್ ಕಡೆ ಹೋದ್ರೆ ಕಮ್ಮಿ ಮಾಡಿ. ಲೈಟ್ ಹಾಕಿದ್ರೂ ತೆಗೆದ್ರೂ ಮೀಟರ್ ಅಲ್ಲಾಡಬಾರ್ದು. ಇದನ್ನ ಬಿಟ್ಟವರೇ ರಾತ್ರಿ ಹೊತ್ತು ಬೈಕ್ ಬೇರೆ ತರ ಓಡತ್ತೆ ಅಂತ ಹೇಳೋದು.

ಈಗ ವಿಇ ಟೇಬಲ್

ಶುರು ಮಾಡೋ ಮುಂಚೆ ಮೂರು ಆಫ್ ಮಾಡಿ: ಲ್ಯಾಂಬ್ಡಾ ಕ್ಲೋಸ್ಡ್ ಲೂಪ್ ಕರೆಕ್ಷನ್ (ವೈಡ್‌ಬ್ಯಾಂಡ್ ನೋಡಿ ಇಸಿಯು ತಾನೇ ಪೆಟ್ರೋಲ್ ಸರಿ ಮಾಡೋದು), ಆಕ್ಸಿಲರೇಷನ್ ಎನ್‌ರಿಚ್‌ಮೆಂಟ್ (ಥ್ರಾಟಲ್ ತೆಗೆದಾಗ ಒಂದು ಕ್ಷಣ ಜಾಸ್ತಿ ಪೆಟ್ರೋಲ್), ಡೀಸೆಲರೇಷನ್ ಫ್ಯುಯೆಲ್ ಕಟ್ (ಥ್ರಾಟಲ್ ಬಿಟ್ಟಾಗ ಪೆಟ್ರೋಲ್ ನಿಲ್ಲಿಸೋದು). ಇವು ಆನ್ ಇದ್ರೆ ನೀವು ಬದಲಾಯಿಸ್ತಿರೋದನ್ನ ಇವು ಹಿಂದಿನಿಂದ ಮುಚ್ಚಿಹಾಕ್ತಿರ್ತವೆ. ಇಂಜಿನ್ ಪೂರ್ತಿ ಬಿಸಿ ಆಗಿರ್ಬೇಕು, ವಾರ್ಮ್‌ಅಪ್ ಕರೆಕ್ಷನ್ 100% ಅಂತ ತೋರಿಸ್ತಿರ್ಬೇಕು.

ಟಾರ್ಗೆಟ್ ನಾನು ಇಡೋದು ಹೀಗೆ, ಐಡಲ್ 13.2ರಿಂದ 13.8, ಸಮ ವೇಗದಲ್ಲಿ ಹೋಗುವಾಗ 14ರಿಂದ 14.5, ಫುಲ್ ಥ್ರಾಟಲ್ 12.6ರಿಂದ 12.9. ಏರ್ ಕೂಲ್ಡ್ ಇಂಜಿನ್ ಐಡಲ್‌ನಲ್ಲಿ 14.7 ಕೇಳಿದ್ರೆ ಸುಮ್ನೆ ಬಿಸಿಯಾಗಿ ಕೊಸರಾಡತ್ತೆ, ಅದಕ್ಕೆ ಸ್ವಲ್ಪ ರಿಚ್ ಇಷ್ಟ. ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಗೊಂದಲ ಬೇಡ, ಶುದ್ಧ ಪೆಟ್ರೋಲ್‌ಗೆ 14.7, 10% ಎಥನಾಲ್ ಇದ್ರೆ 14.1 ಹತ್ರ, ಬರೀ ಎಥನಾಲ್‌ಗೆ 9. ಆದ್ರೆ ಸೆನ್ಸರ್ ನೋಡೋದು ಲ್ಯಾಂಬ್ಡಾನ (ಆ ಪೆಟ್ರೋಲ್‌ಗೆ ಬೇಕಾದ ಗಾಳಿಗೆ ಹೋಲಿಸಿದ್ರೆ ಇರೋ ಗಾಳಿ ಎಷ್ಟು ಪಟ್ಟು ಅನ್ನೋದು), ಮೀಟರ್ ಅದನ್ನ 14.7ರಿಂದ ಗುಣಿಸಿ ತೋರಿಸತ್ತೆ, ಹಾಗಾಗಿ ಯಾವ ಪೆಟ್ರೋಲ್ ಹಾಕಿದ್ರೂ ಮೀಟರ್‌ನಲ್ಲಿ ನೋಡೋ ಟಾರ್ಗೆಟ್ ಅದೇ, ಪೆಟ್ರೋಲ್ ಮಾತ್ರ ಸ್ವಲ್ಪ ಜಾಸ್ತಿ ಬೇಕಾಗತ್ತೆ.

ಸರಿ ಮಾಡೋ ಸೂತ್ರ ಒಂದೇ. ಹಳೇ ವಿಇ ಗುಣಿಸು ಮೀಟರ್ ತೋರಿಸಿದ ಎಎಫ್‌ಆರ್, ಭಾಗಿಸು ಟಾರ್ಗೆಟ್ ಎಎಫ್‌ಆರ್. ಸೆಲ್‌ನಲ್ಲಿ 60 ಇದೆ, ಮೀಟರ್ 14.6 ತೋರಿಸ್ತಿದೆ, ನಿಮಗೆ 13.2 ಬೇಕು ಅಂದ್ರೆ 66.4 ಹಾಕಿ. ಅಂದಾಜು ಬೇಡ, ಲೆಕ್ಕ ಹಾಕಿ.

ಐಡಲ್‌ನಿಂದ ಶುರು ಮಾಡಿ, ಆಮೇಲೆ ನಿಂತಲ್ಲೇ 2000, 2500, 3000. ಅಲ್ಲಿಂದಾಚೆ ರೋಡ್‌ಗೆ ಹೋಗ್ಲೇಬೇಕು, ಯಾಕಂದ್ರೆ ನಿಂತಲ್ಲಿ ಲೋಡ್ ಇರಲ್ಲ, ಏರ್ ಕೂಲ್ಡ್ ಇಂಜಿನ್‌ಗೆ ಗಾಳಿನೂ ಸಿಗಲ್ಲ. ಖಾಲಿ ರೋಡ್, ಮೂರನೇ ಗೇರ್, ಥ್ರಾಟಲ್‌ನ ಒಂದೇ ಜಾಗದಲ್ಲಿ ಐದಾರು ಸೆಕೆಂಡ್ ಹಿಡೀರಿ, ಆಮೇಲೆ ಸ್ವಲ್ಪ ಜಾಸ್ತಿ, ಮತ್ತೆ ಹಿಡೀರಿ. ಏರು ರಸ್ತೆ ಸಿಕ್ಕಿದ್ರೆ ಜಾಸ್ತಿ ಲೋಡ್ ಇರೋ ಸೆಲ್‌ಗಳು ಕಡಿಮೆ ಸ್ಪೀಡ್‌ನಲ್ಲೇ ಸಿಗ್ತವೆ. ಓಡಿಸ್ತಾ ಸ್ಕ್ರೀನ್ ನೋಡ್ಲೇಬೇಡಿ, ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಲಾಗ್ ಮಾಡ್ತಿರ್ಲಿ, ಬೈಕ್ ನಿಲ್ಲಿಸಿ ಪಕ್ಕಕ್ಕೆ ಕೂತು ನೋಡಿ. ಫುಲ್ ಥ್ರಾಟಲ್‌ಗೆ ಯಾವತ್ತೂ ರಿಚ್ ಕಡೆಯಿಂದ ಬನ್ನಿ, ಆ ಸೆಲ್‌ಗಳಿಗೆ ಮೊದಲೇ 10% ಜಾಸ್ತಿ ಹಾಕಿಟ್ಟು ಆಮೇಲೆ ಇಳಿಸಿ. ಮೀಟರ್‌ಗೆ ಲೀನ್ ಅಲಾರ್ಮ್ ಲೈಟ್ ಕೊಟ್ಟು 13.5ಕ್ಕೆ ಇಟ್ಕೊಳ್ಳಿ, ಫುಲ್ ಥ್ರಾಟಲ್‌ನಲ್ಲಿ ಅದು ಹೊತ್ತಿದ್ರೆ ಆ ಕ್ಷಣಾನೇ ಥ್ರಾಟಲ್ ಬಿಡಿ. ಪಿಸ್ಟನ್ ಕರಗೋಕೆ ತುಂಬ ಹೊತ್ತು ಬೇಡ. ಡೈನೊ (ಬೈಕ್ ನಿಂತಲ್ಲೇ ಲೋಡ್ ಕೊಟ್ಟು ಓಡಿಸೋ ಮಷಿನ್) ಸಿಕ್ಕಿದ್ರೆ ಈ ಭಾಗ ಅಲ್ಲೇ ಮಾಡೋದು ಉತ್ತಮ.

ಆಟೋಟ್ಯೂನ್ ಬಳಸ್ಬಹುದು, ನಾನೂ ಬಳಸ್ತೀನಿ, ಮಧ್ಯದ ಸೆಲ್‌ಗಳಿಗೆ ತುಂಬ ಟೈಮ್ ಉಳಿಸತ್ತೆ. ಐಡಲ್ ಮತ್ತು ಥ್ರಾಟಲ್ ಮುಚ್ಚಿರೋ ಸೆಲ್‌ಗಳನ್ನ ಮಾತ್ರ ಅದಕ್ಕೆ ಕೊಡ್ಬೇಡಿ, ಅಲ್ಲಿ ಸಿಂಗಲ್ ಸಿಲಿಂಡರ್‌ನ ರೀಡಿಂಗ್ ನಂಬೋ ಹಾಗಿರಲ್ಲ. ಕೊನೆಗೆ ಟೇಬಲ್‌ನ 3ಡಿ ವ್ಯೂನಲ್ಲಿ ತಿರುಗಿಸಿ ನೋಡಿ, ಗುಡ್ಡದ ತರ ನಯವಾಗಿ ಏರಿ ಇಳೀಬೇಕು, ಒಂಟಿ ಗೂಟ ತರ ಒಂದು ಸೆಲ್ ಎದ್ದು ನಿಂತಿದ್ರೆ ಅಲ್ಲಿ ಟ್ಯೂನಿಂಗ್ ಅಲ್ಲ, ಏನೋ ತಪ್ಪು ಅಳತೆ ಕೂತಿದೆ.

ಪಿಕಪ್, ಚಳಿ, ಬಿಸಿ

ವಿಇ ಟೇಬಲ್ ಸರಿಯಾದ ಮೇಲೇ ಆಕ್ಸಿಲರೇಷನ್ ಎನ್‌ರಿಚ್‌ಮೆಂಟ್ ಆನ್ ಮಾಡಿ. ಥ್ರಾಟಲ್ ಫಟ್ ಅಂತ ತೆಗೆದಾಗ ಒಂದು ಕ್ಷಣ ಮುಗ್ಗರಿಸಿ ಲಾಗ್‌ನಲ್ಲಿ ಎಎಫ್‌ಆರ್ 16, 17ಕ್ಕೆ ಹಾರಿದ್ರೆ ಕಮ್ಮಿ ಇದೆ, ಭಾರವಾಗಿ ಗೊರಗೊರ ಅಂದು 11ಕ್ಕೆ ಇಳಿದ್ರೆ ಜಾಸ್ತಿ ಇದೆ. ಹತ್ತು ಹತ್ತು ಪರ್ಸೆಂಟ್ ಬದಲಾಯಿಸ್ತಾ ಹೋಗಿ, ಅರ್ಧ ಗಂಟೆ ಕೆಲಸ.

ಕೋಲ್ಡ್ ಸ್ಟಾರ್ಟ್‌ಗೆ ತಾಳ್ಮೆ ಬೇಕು. ದಿನಕ್ಕೆ ಒಂದೇ ಚಾನ್ಸ್ ಸಿಗೋದು, ಒಂದ್ಸಲ ಸ್ಟಾರ್ಟ್ ಆದ್ರೆ ಇಂಜಿನ್ ಮತ್ತೆ ತಣ್ಣಗಾಗೋಕೆ ರಾತ್ರಿ ಕಳೀಬೇಕು. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ, ಬೆಳಿಗ್ಗೆ ಎಷ್ಟು ಡಿಗ್ರಿ, ಎಷ್ಟು ಕಿಕ್, ಹಿಡಿದ ಮೇಲೆ ಎಎಫ್‌ಆರ್ ಎಷ್ಟು, ಏನು ಬದಲಾಯಿಸಿದೆ. ಒಂದು ಬೆಳಿಗ್ಗೆಗೆ ಒಂದೇ ಬದಲಾವಣೆ. ಮೊದಲು ಕ್ರ್ಯಾಂಕಿಂಗ್ ಪಲ್ಸ್, ಅಂದ್ರೆ ಹಿಡಿಯೋ ತನಕ. ಆಮೇಲೆ ಆಫ್ಟರ್‌ಸ್ಟಾರ್ಟ್, ಹಿಡಿದು ಮೊದಲ ಕೆಲವು ಸೆಕೆಂಡ್. ಆಮೇಲೆ ವಾರ್ಮ್‌ಅಪ್, 20 ಡಿಗ್ರಿಲಿ 130% ಹತ್ರ ಶುರು ಮಾಡಿ, ಬಿಸಿಯಾಗ್ತಾ ಪ್ರತಿ 10 ಡಿಗ್ರಿಗೂ ಎಎಫ್‌ಆರ್ ಬರ್ಕೊಂಡು ಸರಿ ಮಾಡಿ. ಹಿಡೀಲಿಲ್ಲ ಅಂತ ಒದೀತಾನೇ ಇದ್ರೆ ಪ್ಲಗ್ ಒದ್ದೆಯಾಗತ್ತೆ, ಥ್ರಾಟಲ್ ಪೂರ್ತಿ ತೆಗೆದು ಒದೀರಿ, ಫ್ಲಡ್ ಕ್ಲಿಯರ್ ಸೆಟ್ ಮಾಡಿದ್ರೆ ಇಸಿಯು ಆಗ ಪೆಟ್ರೋಲ್ ಬಿಡಲ್ಲ.

ಕೊನೇದು ಬಿಸಿ ರೀಸ್ಟಾರ್ಟ್. ಚೆನ್ನಾಗಿ ಓಡಿಸಿ ಬಂದು ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಕೊಸರಾಡಿ ನಿಲ್ಲತ್ತೆ, ಎರಡು ನಿಮಿಷ ಓಡಿದ್ರೆ ಸರಿಹೋಗತ್ತೆ. ನಿಂತಾಗ ಇಂಜಿನ್ ಬಿಸಿ ಎಲ್ಲ ಮೇಲಕ್ಕೆ ಬಂದು ಗಾಳಿ ಸೆನ್ಸರ್ ಕಾದಿರತ್ತೆ, ಇಸಿಯು ಗಾಳಿನೇ 70 ಡಿಗ್ರಿ ಇದೆ ಅಂತ ನಂಬಿ ಪೆಟ್ರೋಲ್ ಕಮ್ಮಿ ಮಾಡತ್ತೆ, ಒಳಗೆ ಹೋಗ್ತಿರೋ ಗಾಳಿ ಮಾತ್ರ ತಣ್ಣಗೇ ಇರತ್ತೆ. ನಾನು ಸೆನ್ಸರ್‌ನ ಥ್ರಾಟಲ್ ಬಾಡಿಯಿಂದ ತೆಗೆದು ಏರ್ ಫಿಲ್ಟರ್ ಬಾಕ್ಸ್ ಒಳಗೆ, ಇಂಜಿನ್‌ನಿಂದ ದೂರ ಹಾಕಿದೆ, ಮುಕ್ಕಾಲು ಭಾಗ ಅಲ್ಲೇ ಸರಿಹೋಯ್ತು. ಉಳಿದಿದ್ದಕ್ಕೆ ಗಾಳಿ ಟೆಂಪರೇಚರ್ ಕರೆಕ್ಷನ್ ಕರ್ವ್‌ನ 50 ಡಿಗ್ರಿಯಿಂದ ಮೇಲೆ ಸ್ವಲ್ಪ ಚಪ್ಪಟೆ ಮಾಡಿದೆ. ಈ ಬದಲಾವಣೆ ಮಾಡಿದ ಮೇಲೆ ಐಡಲ್ ಸೆಲ್‌ಗಳನ್ನ ಮತ್ತೊಂದ್ಸಲ ನೋಡಿ, ಟ್ಯೂನ್ ಫೈಲ್‌ನ ತಾರೀಖು ಹಾಕಿ ಬೇರೆ ಹೆಸರಲ್ಲಿ ಸೇವ್ ಮಾಡಿ, ಹಿಂದಿನ ಫೈಲ್ ಅಳಿಸ್ಬೇಡಿ, ಆಮೇಲೆ ಆಫ್ ಮಾಡಿದ್ದ ಕ್ಲೋಸ್ಡ್ ಲೂಪ್‌ನ ಸಮ ವೇಗದ ಭಾಗಕ್ಕೆ ಮಾತ್ರ, ಹೆಚ್ಚೂ ಕಮ್ಮಿ 5% ಮಿತಿ ಇಟ್ಟು ಆನ್ ಮಾಡಿ.